ಟಿವೀಲಿ ಡೆಸ್ಕ್‌ಟಾಪ್ ಅಂಚು ಕಟ್ ಆಗ್ತಿದ್ಯಾ? ಮೊದ್ಲು ರಿಮೋಟ್ ಹಿಡೀರಿ, ಮೌಸ್ ಆಮೇಲೆ

ಕಂಪ್ಯೂಟರನ್ನ ಟಿವಿಗೆ ಹಾಕ್ಕೊಂಡು ಸಿನಿಮಾ ನೋಡೋರ ಮನೇಲಿ ನಾನು ಪದೇ ಪದೇ ನೋಡೋದು ಇದನ್ನೇ. ಟಾಸ್ಕ್‌ಬಾರ್ ಅರ್ಧ ಕೆಳಗೆ ಮುಳುಗಿರುತ್ತೆ, ವಿಂಡೋ ಕ್ಲೋಸ್ ಮಾಡೋ ಗುರುತು ಮೂಲೇಲಿ ಮಾಯ ಆಗಿರುತ್ತೆ, ಮ್ಯಾಚ್ ಹಾಕಿದ್ರೆ ಸ್ಕೋರ್ ಪಟ್ಟಿ ಬುಡ ಕಾಣಲ್ಲ. ಆಗ ಹತ್ರಲ್ಲಿ ಒಂಬತ್ತು ಜನ ಮಾಡೋದೇನಂದ್ರೆ ಗ್ರಾಫಿಕ್ಸ್ ಡ್ರೈವರ್ (ಪರದೆಗೆ ಚಿತ್ರ ಕಳಿಸೋ ಸಾಫ್ಟ್‌ವೇರ್) ಓಪನ್ ಮಾಡಿ ಅದರಲ್ಲಿರೋ ಸ್ಲೈಡರ್ ಎಳೆದು ಚಿತ್ರಾನ ಕುಗ್ಗಿಸಿಬಿಡ್ತಾರೆ. ಅಂಚು ವಾಪಸ್ ಬರುತ್ತೆ, ಅಕ್ಷರ ಮಾತ್ರ ಅವತ್ತಿಂದ ಮಸುಕು. ಆಮೇಲೆ ಟಿವಿ ಸರಿ ಇಲ್ಲ ಅಂತ ಬೈಕೊಂಡು ಓಡಾಡ್ತಾರೆ. ದಯವಿಟ್ಟು ಆ ಸ್ಲೈಡರ್ ಮುಟ್ಬೇಡಿ, ಅದು ಕೊನೇ ದಾರಿ.

ಯಾಕೆ ಅಂತ ಹೇಳ್ಬಿಡ್ತೀನಿ. ಈ ತೊಂದ್ರೆ ಹೆಸರು ಓವರ್‌ಸ್ಕ್ಯಾನ್. ಪಿಕ್ಚರ್ ಟ್ಯೂಬ್ ಕಾಲದಲ್ಲಿ ವೋಲ್ಟೇಜ್ ಏರಿಳಿತಕ್ಕೆ ಚಿತ್ರದ ಸೈಜೂ ಸ್ವಲ್ಪ ಆಚೆ ಈಚೆ ಆಗ್ತಿತ್ತು, ಅಂಚಲ್ಲಿ ಕಪ್ಪು ಕಾಣ್ಬಾರ್ದು ಅಂತ ಚಿತ್ರಾನ ಬೇಕಂತಲೇ ಫ್ರೇಮ್‌ನಿಂದ ಆಚೆಗೂ ಹರಡ್ತಿದ್ರು. ಈಗಿನ ಎಲ್‌ಇಡಿ ಟಿವೀಲಿ ಪಿಕ್ಸೆಲ್‌ಗಳು ಎಣಿಸಿ ಕೂರಿಸಿದ ಹಾಗೆ ಇರ್ತವೆ, ಹರಡೋ ಅಗತ್ಯಾನೇ ಇಲ್ಲ. ಆದ್ರೂ ಎಚ್‌ಡಿಎಂಐಗೆ ಏನೇ ಹಾಕಿದ್ರೂ ಸೆಟ್‌ಟಾಪ್ ಬಾಕ್ಸ್ ಅಂದ್ಕೊಂಡು ಎಷ್ಟೋ ಟಿವಿಗಳು ಈಗ್ಲೂ ಅದನ್ನೇ ಮಾಡ್ತವೆ. ಫುಲ್ ಎಚ್‌ಡಿ, ಅಂದ್ರೆ 1920×1080 ಪಿಕ್ಸೆಲ್ ಚಿತ್ರದಲ್ಲಿ ಪ್ರತಿ ಬದಿಯಲ್ಲಿ 2.5 ಪರ್ಸೆಂಟ್ ಕತ್ತರಿಸ್ತು ಅಂತಿಟ್ಕೊಳ್ಳಿ. ಎಡಕ್ಕೆ ಬಲಕ್ಕೆ ತಲಾ 48 ಪಿಕ್ಸೆಲ್, ಮೇಲೆ ಕೆಳಗೆ ತಲಾ 27 ಪಿಕ್ಸೆಲ್ ಹೋಯ್ತು, ಉಳಿದ 1824×1026 ತುಂಡನ್ನ ಟಿವಿ ಎಳೆದು 1920×1080 ಮಾಡಿ ತೋರಿಸುತ್ತೆ. ಈಗ ನೀವು ಸ್ಲೈಡರ್ ಎಳೆದ್ರೆ ಕಂಪ್ಯೂಟರ್ ಮೊದ್ಲು ಕುಗ್ಗಿಸುತ್ತೆ, ಟಿವಿ ಮತ್ತೆ ಹಿಗ್ಗಿಸುತ್ತೆ. ಜೆರಾಕ್ಸ್ ಕಾಪೀನೇ ಮತ್ತೆ ಜೆರಾಕ್ಸ್ ಮಾಡಿಸಿದ ಹಾಗೆ.

ಮೊದ್ಲನೇದು, ಈಗಾಗ್ಲೇ ಡ್ರೈವರಲ್ಲಿ ಏನಾದ್ರೂ ಎಳೆದಿದ್ರೆ ಎಲ್ಲಾ ಸೊನ್ನೆಗೆ ತನ್ನಿ, ವಿಂಡೋಸಲ್ಲಿ ಟಿವಿಯ ಅಸಲಿ ರೆಸಲ್ಯೂಷನ್ ಇಡಿ, ಟಿವಿ ಮೊದ್ಲು ಆನ್ ಮಾಡಿ ಆಮೇಲೆ ಕಂಪ್ಯೂಟರ್ ಆನ್ ಮಾಡಿ. ಕೇಬಲ್ ಬದಲಾಯಿಸೋಕೆ ಹೋಗ್ಬೇಡಿ. ಚಿನ್ನದ ಲೇಪನ ಇದೆ, ಪಿಕ್ಚರ್ ಶಾರ್ಪ್ ಆಗುತ್ತೆ ಅಂತ ಅಂಗಡಿಯೋರು ದುಬಾರಿ ಕೇಬಲ್ ಮಾರ್ತಾರೆ, ಎಚ್‌ಡಿಎಂಐ ಡಿಜಿಟಲ್ ಸಿಗ್ನಲ್, ಕೇಬಲ್ ಕೆಟ್ಟಿದ್ರೆ ಚುಕ್ಕಿ ಮಿನುಗುತ್ತೆ ಇಲ್ಲಾ ಚಿತ್ರ ಹೋಗಿ ಬರುತ್ತೆ, ಅಂಚು ಮಾತ್ರ ಯಾವತ್ತೂ ಕಟ್ ಆಗಲ್ಲ.

ಎರಡನೇದು ಅಳತೆ ಚಿತ್ರ. ಸುಮ್ನೆ ಕಣ್ಣಂದಾಜಲ್ಲಿ ಸರಿ ಮಾಡೋಕೆ ಹೋದ್ರೆ ನಾಲ್ಕೈದು ಪಿಕ್ಸೆಲ್ ತಪ್ಪಿರೋದು ಗೊತ್ತೇ ಆಗಲ್ಲ. ವಿಂಡೋಸ್‌ನ ಪೇಂಟ್ ಪ್ರೋಗ್ರಾಮ್ ಓಪನ್ ಮಾಡಿ 1920×1080 ಅಳತೆಯ ಕಪ್ಪು ಚಿತ್ರ ಮಾಡಿ (4ಕೆ ಟಿವಿ ಆದ್ರೆ 3840×2160), ತುತ್ತತುದೀಲಿ ಸುತ್ತಲೂ ಒಂದೇ ಒಂದು ಪಿಕ್ಸೆಲ್ ದಪ್ಪದ ಕೆಂಪು ಗೆರೆ ಹಾಕಿ. ನಡುವೆ ಒಂದು ಚೌಕದಲ್ಲಿ ಒಂದು ಸಾಲು ಬಿಳಿ, ಒಂದು ಸಾಲು ಕಪ್ಪು ಅಂತ ಗೆರೆ ತುಂಬಿಸಿ. ಜೂಮ್ ಮಾಡಿ ಕೂತು ಹಾಕ್ಬೇಕು, ಸ್ವಲ್ಪ ಬೇಜಾರಿನ ಕೆಲ್ಸ, ಆದ್ರೆ ಒಂದ್ಸಲ ಮಾಡಿಟ್ಕೊಂಡ್ರೆ ಅದೇ ಅಳತೆಯ ಯಾರ ಮನೆ ಟಿವಿಗೂ ಆಗುತ್ತೆ. ಪಿಎನ್‌ಜಿ ಆಗಿ ಸೇವ್ ಮಾಡಿ, ಜೆಪೆಗ್ ಬೇಡ, ಗೆರೆ ಕಲಸಿಹೋಗುತ್ತೆ. ಅದನ್ನೇ ವಾಲ್‌ಪೇಪರ್ ಮಾಡಿ, ಟಾಸ್ಕ್‌ಬಾರನ್ನ ತಾನಾಗೇ ಅಡಗೋ ಹಾಗೆ ಇಟ್ಟು ಟಿವಿ ಹತ್ರ ಹೋಗಿ ನಿಂತು ನೋಡಿ. ನಾಲ್ಕೂ ಕಡೆ ಕೆಂಪು ಗೆರೆ ಕಾಣ್ಬೇಕು, ನಡುವಿನ ಚೌಕದಲ್ಲಿ ಗೆರೆಗಳು ಬಿಡಿಬಿಡಿಯಾಗಿ ಕಾಣ್ಬೇಕು. ಚೌಕದಲ್ಲಿ ಅಲೆ ಅಲೆಯಾಗಿ ಪಟ್ಟೆ ಬಂದ್ರೆ ಇಲ್ಲಾ ಬೂದು ಬಣ್ಣಕ್ಕೆ ತಿರುಗಿದ್ರೆ, ಎಲ್ಲೋ ಯಾರೋ ಚಿತ್ರಾನ ಹಿಗ್ಗಿಸ್ತಿದಾರೆ ಇಲ್ಲಾ ಕುಗ್ಗಿಸ್ತಿದಾರೆ ಅಂತಾನೇ ಅರ್ಥ, ಅಂಚು ಸರಿ ಇದ್ರೂ ಕೂಡ.

ಈಗ ಅಸಲಿ ಜಾಗ, ಟಿವಿ ಮೆನು. ಜನ ಸೋಲೋದು ಇಲ್ಲೇ, ಯಾಕಂದ್ರೆ ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ. ಪಿಕ್ಚರ್ ಸೆಟ್ಟಿಂಗ್ಸಲ್ಲಿ ಆಸ್ಪೆಕ್ಟ್ ರೇಶಿಯೋ ಇಲ್ಲಾ ಪಿಕ್ಚರ್ ಸೈಜ್ ಅಂತ ಹುಡುಕಿ. ಎಲ್‌ಜೀಲಿ ಜಸ್ಟ್ ಸ್ಕ್ಯಾನ್, ಹಳೇ ಸ್ಯಾಮ್‌ಸಂಗಲ್ಲಿ ಸ್ಕ್ರೀನ್ ಫಿಟ್, ಹೊಸದ್ರಲ್ಲಿ ಫಿಟ್ ಟು ಸ್ಕ್ರೀನ್, ಸೋನೀಲಿ ಡಿಸ್‌ಪ್ಲೇ ಏರಿಯಾ ಒಳಗೆ ಫುಲ್ ಪಿಕ್ಸೆಲ್, ಫಿಲಿಪ್ಸಲ್ಲಿ ಅನ್‌ಸ್ಕೇಲ್ಡ್, ಶಾರ್ಪಲ್ಲಿ ಡಾಟ್ ಬೈ ಡಾಟ್, ಪ್ಯಾನಸಾನಿಕಲ್ಲಿ ಓವರ್‌ಸ್ಕ್ಯಾನ್ ಆಫ್. ಬರೀ 16:9 (ಪರದೆಯ ಅಗಲ-ಎತ್ತರದ ಅನುಪಾತ) ಅಂತ ಆಯ್ಕೆ ಮಾಡಿ ಕೂತ್ಕೋಬೇಡಿ, 16:9 ಇದ್ರೂ ಒಳಗೊಳಗೆ ಕತ್ತರಿ ನಡೀತಾನೇ ಇರಬಹುದು. ಇನ್ನೊಂದು ಮಾತು, ಎಷ್ಟೋ ಟಿವೀಲಿ ಈ ಆಯ್ಕೆ ಸಿಗ್ನಲ್ ಬರ್ತಿದ್ರೆ ಮಾತ್ರ ಕಾಣುತ್ತೆ, ಅದೂ ಯಾವ ಇನ್‌ಪುಟ್‌ನಲ್ಲಿ ಇದೀರೋ ಅದಕ್ಕೆ ಮಾತ್ರ ಲೆಕ್ಕ. ಎಚ್‌ಡಿಎಂಐ 1ರಲ್ಲಿ ಸರಿ ಮಾಡಿ ಆಮೇಲೆ ಕೇಬಲ್ ಎಚ್‌ಡಿಎಂಐ 2ಕ್ಕೆ ಬದಲಾಯಿಸಿದ್ರೆ ಮತ್ತೆ ಶುರುವಿಂದ ಮಾಡ್ಬೇಕು.

ಆಯ್ಕೆ ಸಿಗ್ಲೇ ಇಲ್ವಾ? ಆ ಇನ್‌ಪುಟ್‌ನ ಹೆಸರು ಎಡಿಟ್ ಮಾಡಿ ಪಿಸಿ ಅಂತ ಆರಿಸಿ. ಬರೀ ಹೆಸರು ತಾನೇ ಅಂತ ಬಿಡ್ಬೇಡಿ, ಸ್ಯಾಮ್‌ಸಂಗ್ ಎಲ್‌ಜಿ ಟಿವಿಗಳು ಆ ಹೆಸರು ನೋಡೇ ಚಿತ್ರಾನ ಬೇರೆ ಥರ ನಡೆಸ್ಕೋತವೆ, ಕತ್ತರಿಸೋದು ನಿಲ್ಲುತ್ತೆ, ನೀಲಿ ಮೇಲಿನ ಕೆಂಪು ಅಕ್ಷರ ಕಲಸಿದ ಹಾಗೆ ಕಾಣೋದೂ ಹೋಗುತ್ತೆ. ನನ್ನ ಮಟ್ಟಿಗೆ ಹೋಮ್ ಥಿಯೇಟರ್ ಕಂಪ್ಯೂಟರ್‌ಗೆ ಪಿಸಿ ಹೆಸರೇ ಸರಿ, ಬೇರೆ ಮಾತೇ ಇಲ್ಲ.

ಇಲ್ಲೇ ಹೇಳ್ಬಿಡ್ತೀನಿ, ಸಿನಿಮಾದಲ್ಲಿ ಮೇಲೆ ಕೆಳಗೆ ಕಪ್ಪು ಪಟ್ಟಿ ಬರೋದು ತೊಂದ್ರೆ ಅಲ್ಲ. ಸ್ಕೋಪ್ ಸಿನಿಮಾ ಸುಮಾರು 2.39:1 ಅಗಲಕ್ಕೆ, ಅಂದ್ರೆ ಟಿವಿ ಪರದೆಗಿಂತ ಅಗಲವಾಗಿ ತೆಗೆದಿರ್ತಾರೆ, ಹಳೇ ಕಪ್ಪು-ಬಿಳುಪು ಸಿನಿಮಾಗಳಿಗೆ ಪಟ್ಟಿ ಎಡಬಲಕ್ಕೆ ಬರುತ್ತೆ. ಆ ಪಟ್ಟಿ ಓಡಿಸ್ಬೇಕು ಅಂತ ರಿಮೋಟಲ್ಲಿ ಜೂಮ್ ಒತ್ತಿ ಮರೆತುಬಿಡ್ತಾರೆ, ಮಾರನೇ ದಿನ ಡೆಸ್ಕ್‌ಟಾಪೇ ಕಟ್ ಆಗಿದೆ ಅಂತ ಫೋನ್ ಬರುತ್ತೆ.

ಟಿವೀಲಿ ಏನೂ ಸಿಗ್ಲಿಲ್ಲ ಅಂದ್ರೆ ಈಗ ಮೌಸ್ ಹಿಡೀರಿ. ಎನ್‌ವಿಡಿಯಾ ಕಂಪನಿ ಗ್ರಾಫಿಕ್ಸ್ ಕಾರ್ಡ್ ಇದ್ರೆ ಅದರ ಕಂಟ್ರೋಲ್ ಪ್ಯಾನೆಲಲ್ಲಿ ರೆಸಲ್ಯೂಷನ್ ಪಟ್ಟಿ ಎರಡು ಭಾಗ ಇರುತ್ತೆ, ಮೇಲೆ ಎಚ್‌ಡಿ ಟಿವಿಯದ್ದು, ಕೆಳಗೆ ಪಿಸಿಯದ್ದು. ಕೆಳಗಿನ ಭಾಗದ 1920×1080 ಆರಿಸಿದ್ರೆ ಕೆಲವು ಟಿವಿ ಇದು ಕಂಪ್ಯೂಟರ್ ಅಂತ ತಿಳ್ಕೊಂಡು ಕತ್ತರಿ ಬಿಡುತ್ತೆ. ಎಎಂಡಿ ಕಂಪನಿ ಕಾರ್ಡಲ್ಲಿ ಉಲ್ಟಾ ತೊಂದ್ರೆ ನೋಡಿದೀನಿ, ಸುತ್ತ ಕಪ್ಪು ಚೌಕಟ್ಟು, ಯಾಕಂದ್ರೆ ಅವರ ಹಳೇ ಡ್ರೈವರ್ ಎಚ್‌ಡಿಎಂಐ ಕಂಡ್ರೆ ತಾನೇ ಚಿತ್ರ ಕುಗ್ಗಿಸ್ತಿತ್ತು, ಅಲ್ಲಿ ಎಚ್‌ಡಿಎಂಐ ಸ್ಕೇಲಿಂಗ್ ಸೊನ್ನೆಗೆ ತಂದ್ರೆ ಮುಗೀತು. ವಿಂಡೋಸ್‌ನ ಅಡ್ವಾನ್ಸ್ಡ್ ಡಿಸ್‌ಪ್ಲೇ ಪುಟದಲ್ಲಿ ಡೆಸ್ಕ್‌ಟಾಪ್ ರೆಸಲ್ಯೂಷನ್ ಬೇರೆ, ಟಿವಿಗೆ ಹೋಗ್ತಿರೋ ಸಿಗ್ನಲ್ ರೆಸಲ್ಯೂಷನ್ ಬೇರೆ ತೋರಿಸಿದ್ರೆ ತಪ್ಪು ಕಂಪ್ಯೂಟರ್ ಕಡೇದು, ಟಿವೀನ ಬಯ್ಯೋ ಹಾಗಿಲ್ಲ.

32 ಇಂಚಿನ ಎಚ್‌ಡಿ ರೆಡಿ ಟಿವಿ ಇರೋರ ಕಥೆ ಬೇರೆ. ಅದರ ಪ್ಯಾನೆಲ್ ಸಾಮಾನ್ಯವಾಗಿ 1366×768, ಡಬ್ಬದ ಮೇಲೆ ಫುಲ್ ಎಚ್‌ಡಿ ಸಪೋರ್ಟ್ ಅಂತ ದೊಡ್ಡದಾಗಿ ಬರೆದಿದ್ರೂ ಅಷ್ಟೇ. ಅದು ಸಿಗ್ನಲ್ ತಗೊಳುತ್ತೆ ಅಂತ ಅಷ್ಟೇ ಅರ್ಥ, 1080 ಸಾಲನ್ನ 768ಕ್ಕೆ ತುರುಕುತ್ತೆ. ಪಟ್ಟೀಲಿ 1360×768 ಇಲ್ಲಾ 1366×768 ಇದ್ರೆ ಅದನ್ನೇ ಹಾಕಿ. ಎಚ್‌ಡಿಎಂಐಲಿ ಇಲ್ಲ ಅಂದ್ರೆ ಟಿವಿ ಹಿಂದೆ ವಿಜಿಎ ಪೋರ್ಟ್ (ಹಳೇ ಮಾನಿಟರ್ ಕೇಬಲ್ ಚುಚ್ಚೋ ಜಾಗ) ಇದ್ಯಾ ನೋಡಿ, ಅಲ್ಲಿ ಎಷ್ಟೋ ಸಲ ಸಿಗುತ್ತೆ, ಚಿತ್ರ ಪಕ್ಕಕ್ಕೆ ಸರಿದಿದ್ರೆ ಆಟೋ ಅಡ್ಜಸ್ಟ್ ಒತ್ತಿ. ಅದೂ ಇಲ್ಲಾಂದ್ರೆ 1080ರಲ್ಲೇ ಬಿಟ್ಟು ಅಕ್ಷರದ ಸೈಜ್ 150 ಪರ್ಸೆಂಟ್ ಮಾಡಿ. ಅಂಥ ಟಿವೀಲಿ ನಡುವಿನ ಚೌಕ ಯಾವತ್ತೂ ಪೂರ್ತಿ ಸ್ವಚ್ಛ ಬರಲ್ಲ, ಅದರ ಹಿಂದೆ ಬೀಳ್ಬೇಡಿ, ಅಂಚು ಸರಿಯಾದ್ರೆ ಸಾಕು.

ಸಿನಿಮಾ ನೋಡೋಕೆ ಕೋಡಿ (Kodi) ಅನ್ನೋ ಪ್ರೋಗ್ರಾಮ್ ಹಾಕ್ಕೊಂಡಿರೋರು ಅದರೊಳಗಿನ ವಿಡಿಯೋ ಕ್ಯಾಲಿಬ್ರೇಷನ್ನನ್ನ ಕೊನೇಲಿ ಮುಟ್ಟಿ, ಡೆಸ್ಕ್‌ಟಾಪ್ ಸರಿ ಆಗಿದ್ರೆ ಅಲ್ಲಿ ಸಬ್‌ಟೈಟಲ್ ಎತ್ತರ ಒಂದು ಬಿಟ್ಟು ಬೇರೇನೂ ಬದಲಾಯಿಸ್ಬೇಕಾಗಿಲ್ಲ. ಸಿನಿಮಾಗೆ ತಕ್ಕ ಹಾಗೆ ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗುತ್ತೆ ಅನ್ನೋ ಲೆಕ್ಕ, ಹರ್ಟ್ಜ್‌ನಲ್ಲಿ) ಬದಲಾಗೋ ಆಯ್ಕೆ ಆನ್ ಮಾಡಿದ್ರೆ ಒಂದು ಪರೀಕ್ಷೆ ಬಾಕಿ ಇದೆ. ಕೆಲವು ಟಿವಿ 60 ಹರ್ಟ್ಜ್‌ಗೆ ಒಂದು ಸೆಟ್ಟಿಂಗ್, 24 ಹರ್ಟ್ಜ್‌ಗೆ ಇನ್ನೊಂದು ಅಂತ ಇಟ್ಕೊಂಡಿರುತ್ತೆ. ಹಾಗಾಗಿ ವಿಂಡೋಸಲ್ಲಿ 24ಕ್ಕೆ ಹಾಕಿ ಕೆಂಪು ಗೆರೆ ನಾಲ್ಕೂ ಕಡೆ ಇದ್ಯಾ ನೋಡಿ, ಇಲ್ದಿದ್ರೆ ಟಿವಿ ಮೆನುವಲ್ಲಿ ಅದೇ ಆಯ್ಕೆ ಇನ್ನೊಂದ್ಸಲ ಆರಿಸಿ, ಆಮೇಲೆ 60ಕ್ಕೆ ವಾಪಸ್ ಬನ್ನಿ.