ಮಕ್ಕಳ ಡಾಕ್ಟ್ರೇ, ಎರಡು ನಿಮಿಷ ಅಮ್ಮನ್ನ ಹೊರಗೆ ಕಳಿಸಿ

ಹೊರಗೆ ಕ್ಯೂ ಬಾಗ್ಲು ದಾಟಿರುತ್ತೆ, ಇದ್ರ ಮಧ್ಯೆ ತಂಬಾಕಿನ್ ಬಗ್ಗೆ ಕೇಳೋಕೆ ಟೈಮ್ ಎಲ್ಲಿ ಅಂತೀರಾ, ನಾನೂ ಹಾಗೇ ಅಂದ್ಕೊಂಡಿದ್ದೆ. ಬೇಕಾಗೋದು ಎರಡು ನಿಮಿಷ, ಜೊತೆಗೆ ಒಂದು ನೆಪ. "ಅಮ್ಮ, ನೀವು ಹೋಗಿ ಮಾತ್ರೆ ತಗೊಂಡ್ಬನ್ನಿ, ಅಷ್ಟ್ರಲ್ಲಿ ಇವನ ತೂಕ ನೋಡ್ತೀನಿ." ಅಮ್ಮ ಎದುರಿಗಿದ್ರೆ ಯಾವ ಹುಡುಗನೂ ನಿಜ ಹೇಳಲ್ಲ.

"ನೀನು ತಿಂತೀಯಾ?" ಅಂತ ನೇರವಾಗಿ ಕೇಳ್ಬೇಡಿ. "ನಿಮ್ ಕ್ಲಾಸಲ್ಲಿ ಯಾರಾದ್ರೂ ಹಾಕ್ಕೋತಾರಾ?" ಅಂತ ಶುರು ಮಾಡಿ, ಆಮೇಲೆ "ನೀನೂ ಒಂದ್ಸಲ ಟ್ರೈ ಮಾಡಿದ್ಯಾ?" ತಂಬಾಕು ಅಂತ ಕೇಳಿದ್ರೆ ಇಲ್ಲ ಅಂತಾನೆ, ಯಾಕಂದ್ರೆ ಅವನ ಲೆಕ್ಕದಲ್ಲಿ ಅದು ಮಸಾಲ. ನಮ್ಮಲ್ಲಿ 2013ರಲ್ಲೇ ಗುಟ್ಕಾ ಬ್ಯಾನ್ ಆಯ್ತು, ಈಗ ಪಾನ್ ಮಸಾಲ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು, ಎರಡನ್ನೂ ಅಂಗೈಲಿ ಕಲಸಿದ್ರೆ ಅದೇ ಗುಟ್ಕಾ. ಹಂಗಾಗಿ "ಎರಡು ಪ್ಯಾಕೆಟ್ ಸೇರಿಸ್ತೀಯಾ?" ಅಂತಾನೇ ಕೇಳಿ. ವೇಪ್, ಅಂದ್ರೆ ಇ-ಸಿಗರೇಟ್, 2019ರಿಂದ ಬ್ಯಾನ್, ಆದ್ರೂ ಕೇಳಿ, ಪೆನ್‌ಡ್ರೈವ್ ಥರ ಇರೋದೂ ಇದೆ.

ಇಷ್ಟು ಚಿಕ್ಕೋರನ್ನ ಕೇಳ್ಬೇಕಾ ಅಂದ್ರೆ, 2019ರ ಗ್ಲೋಬಲ್ ಯೂತ್ ಟೊಬ್ಯಾಕೊ ಸರ್ವೇಲಿ ದೇಶದ 13ರಿಂದ 15 ವರ್ಷದ ಸ್ಕೂಲ್ ಮಕ್ಕಳಲ್ಲಿ 8.5 ಪರ್ಸೆಂಟ್ ತಂಬಾಕು ಬಳಸ್ತಿದ್ರು. ನಾನಂತೂ ಹತ್ತು ವರ್ಷಕ್ಕೇ ಶುರು ಮಾಡ್ತೀನಿ.

ಬಾಯಿ ನೋಡೋದು ಮರೀಬೇಡಿ, ಗುಟ್ಕಾ ಹಾಕ್ತಾ ಹೋದ್ರೆ ಬಾಯಿ ಬಿಗಿಯಾಗಿ ಪೂರ್ತಿ ತೆರೆಯೋಕಾಗಲ್ಲ, ಖಾರ ತಾಗಿದ್ರೆ ಉರಿಯುತ್ತೆ. ಅವನದೇ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಹೋಗುತ್ತಾ ನೋಡಿ, ಹೋಗ್ಲಿಲ್ಲ ಅಂದ್ರೆ ಡೆಂಟಿಸ್ಟ್ ಹತ್ರ ಕಳಿಸಿ. "ಸಾರು ಖಾರ ಅಂತ ಊಟಾನೇ ಬಿಡ್ತಿದಾನೆ" ಅಂತ ತಾಯಿ ಹೇಳಿದ್ರೆ ಕೂಡ್ಲೇ ಕಿವಿ ನೆಟ್ಟಗಾಗ್ಬೇಕು, ಬರೀ ಅಡಿಕೆ ಮಸಾಲಾನೂ ಹಿಂಗ್ ಮಾಡುತ್ತೆ.

ಹೂಂ ಅಂದ ಅಂತ ಬೈಬೇಡಿ, ಅವತ್ತೇ ಅಪ್ಪಂಗೆ ಫೋನ್ ಮಾಡ್ಬೇಡಿ, ಮಾಡಿದ್ರೆ ಮತ್ತೆ ಯಾವತ್ತೂ ಬಾಯಿ ಬಿಡಲ್ಲ. ಕ್ಯಾನ್ಸರ್ ಅಂದ್ರೆ ಅವನಿಗೆ ಅಜ್ಜನ ಕಾಯಿಲೆ. ಹಲ್ಲಿನ ಕಲೆ, ಬಾಯಿ ವಾಸನೆ, ಕಬಡ್ಡೀಲಿ ದಮ್ಮು, ದಿನಕ್ಕೆ 10 ರೂಪಾಯಿ ಅಂದ್ರೆ ತಿಂಗಳಿಗೆ 300, ಇದು ತಾಗುತ್ತೆ. ಬಿಡೋ ದಿನ ಅವನ ಬಾಯಲ್ಲೇ ಹೇಳಿಸಿ, ತಂಬಾಕು ಬಿಡೋಕೆ ಸಹಾಯ ಮಾಡೋ 1800-11-2356 ಬರ್ಕೊಡಿ, ಫ್ರೀ ನಂಬರು, ಕನ್ನಡದಲ್ಲೂ ಮಾತಾಡ್ತಾರೆ.

ಇನ್ನು ಅಪ್ಪಂದಿರು. ಪದೇ ಪದೇ ಉಬ್ಬಸ ಅಂತ ನೆಬ್ಯುಲೈಸರ್‌ಗೆ ಬರೋ ಮಗು, ಎತ್ಕೊಂಡಿರೋ ಅಪ್ಪನ ಶರ್ಟು ಗಮ್ ಅಂತ ಬೀಡಿ ವಾಸನೆ. "ಮನೆ ಒಳಗೆ ಸೇದಲ್ಲ ಸಾರ್, ಜಗಲೀಲಿ." ಆ ಶರ್ಟನ್ನ ಮಗು ಮೂಗಿಗೆ ಹಿಡಿದಂಗೇ ಅಲ್ವಾ ಅಂತ ಕೇಳಿ, ಸುಮ್ಮನಾಗ್ತಾರೆ. ಅವರಿಗೂ ಅದೇ ನಂಬರ್ ಕೊಡಿ. ಬೀಡಿ ತರೋಕೆ ಮಗನ್ನ ಅಂಗಡಿಗೆ ಕಳಿಸ್ಬೇಡಿ ಅಂತಾನೂ ಹೇಳಿ, ಕರ್ನಾಟಕದಲ್ಲಿ ಈಗ 21 ಆಗದೋರಿಗೆ ಮಾರೋ ಹಂಗೇ ಇಲ್ಲ.

ಹುಡುಗನ ಚೀಟಿ ಮೂಲೇಲಿ ಒಂದು ಚುಕ್ಕೆ ಇಡಿ, ನಿಮಗೆ ಮಾತ್ರ ಗೊತ್ತಾಗೋ ಹಂಗೆ. ಮುಂದಿನ್ಸಲ ಅವನು ಜ್ವರ ಅಂತ ಬಂದ್ರೂ ಅಮ್ಮನ್ನ ಮಾತ್ರೆಗೆ ಕಳಿಸಿ.