ಕರಡಿ ಕಾಣದ ಊರಿಗೆ ಕರಡಿ ಬಂದರೆ

ಮೇ ಕೊನೆಯ ಒಂದು ಬೆಳಿಗ್ಗೆ. ಹಿತ್ತಲಿನಲ್ಲಿ ಹಕ್ಕಿಗಳಿಗೆ ಕಾಳು ಇಡುವ ಬರ್ಡ್ ಫೀಡರ್‌ನ ಕಬ್ಬಿಣದ ಕಂಬ ಬಿಲ್ಲಿನ ಹಾಗೆ ಬಾಗಿ ನೆಲ ಮುಟ್ಟಿತ್ತು. ಸೂರ್ಯಕಾಂತಿ ಬೀಜದ ಸಿಪ್ಪೆ ಹುಲ್ಲಿನ ತುಂಬ ಚೆಲ್ಲಿತ್ತು. ಕಸದ ಡಬ್ಬಿಯ ಮುಚ್ಚಳದ ಮೇಲೆ ಕೆಸರಿನ ಅಚ್ಚು: ಐದು ಬೆರಳು, ಅವುಗಳ ಮುಂದೆ ಉಗುರಿನ ಐದು ಚುಕ್ಕಿ. "ಯಾರೋ ಹುಡುಗರು ಮಾಡಿರಬೇಕು" ಅಂದರು, ಊರಿಂದ ಬಂದು ಎರಡು ವಾರವಾಗಿದ್ದ ಅಮ್ಮ. ಪಕ್ಕದ ಮನೆಯವರು ತಮ್ಮ ಕ್ಯಾಮೆರಾದ ವಿಡಿಯೊ ತೋರಿಸಿದಾಗಲೇ ವಿಷಯ ಗೊತ್ತಾಗಿದ್ದು. ರಾತ್ರಿ ಎರಡೂವರೆಗೆ ಕಪ್ಪು ಕರಡಿಯೊಂದು ಬಂದು ಹೋಗಿತ್ತು.

ನಾವಿರುವುದು ಅಮೆರಿಕದ ಮಧ್ಯ ನ್ಯೂಜೆರ್ಸಿಯಲ್ಲಿ. ಇಲ್ಲಿ ಕರಡಿ ಕಾಣುವುದು ಅಪರೂಪ. ಸಸೆಕ್ಸ್, ವಾರೆನ್, ಪಸ್ಸಾಯಿಕ್, ಮಾರಿಸ್ ಕೌಂಟಿಗಳ (ನಮ್ಮ ಜಿಲ್ಲೆಗಳಿದ್ದಂತೆ) ಗುಡ್ಡಗಾಡೇ ಅವುಗಳ ನೆಲೆ. ಆದರೆ ರಾಜ್ಯದ 21 ಕೌಂಟಿಗಳಲ್ಲೂ ಈಗ ಕರಡಿ ಕಂಡ ದಾಖಲೆ ಇದೆ. ಬೇರೆ ರಾಜ್ಯಗಳಲ್ಲೂ ಹೀಗೇ. ಇಂಡಿಯಾನಾದಲ್ಲಿ 1871ರ ನಂತರ ಮೊದಲ ಸಲ ಕರಡಿ ಕಂಡದ್ದು 2015ರಲ್ಲಿ. ಅದು ಮಿಷಿಗನ್ ಕಡೆಯಿಂದ ನಡೆದು ಬಂದಿತ್ತು.

ಮೊದಲು, ಯಾಕೆ ಬಂತು ಅಂತ ತಿಳಿಯಿರಿ

ಮೇ, ಜೂನ್, ಜುಲೈನಲ್ಲಿ ಹೀಗೆ ದಾರಿ ತಪ್ಪಿದಂತೆ ಕಾಣುವ ಕರಡಿ ಹೆಚ್ಚಾಗಿ ಒಂದೂವರೆ ವರ್ಷದ ಗಂಡುಮರಿ. ತಾಯಿ ಮತ್ತೆ ಬೆದೆಗೆ ಬರುವ ಹೊತ್ತು ಅದು. ಮರಿಗಳನ್ನು ದೂರ ಓಡಿಸುತ್ತದೆ. ಹೆಣ್ಣುಮರಿ ಸಾಮಾನ್ಯವಾಗಿ ತಾಯಿಯ ಜಾಗದ ಹತ್ತಿರವೇ ನೆಲೆ ನಿಲ್ಲುತ್ತದೆ. ಗಂಡುಮರಿ ಹೊಸ ಜಾಗ ಹುಡುಕಿಕೊಂಡು ನೂರಾರು ಮೈಲಿ ನಡೆದರೂ ನಡೆಯಿತು. ನದಿ ದಂಡೆ, ರೈಲು ಹಳಿಯ ಪಕ್ಕದ ಮರಗಳ ಸಾಲು, ನಮ್ಮ ಮನೆಗಳ ಹಿಂದಿನ ಪಟ್ಟಿ ಕಾಡು, ಇವೇ ಅದರ ದಾರಿ. ಪಾಪ, ಅದಕ್ಕೆ ನಮ್ಮ ಬೀದಿ ಬೇಕಿಲ್ಲ. ದಾಟಿ ಹೋಗಬೇಕು, ಅಷ್ಟೇ.

2020ರ ಬೇಸಿಗೆಯಲ್ಲಿ ಜನ 'ಬ್ರೂನೊ' ಅಂತ ಹೆಸರಿಟ್ಟ ಕರಡಿಯೊಂದು ವಿಸ್ಕಾನ್ಸಿನ್‌ನಿಂದ ಹೊರಟು ಇಲಿನಾಯ್ ದಾಟಿ ಮಿಸೌರಿವರೆಗೆ ನಡೆಯಿತು. ಜೋಳದ ಹೊಲಗಳಲ್ಲಿ ನಡೆದಷ್ಟು ದಿನ ಅದರ ಪಾಡಿಗೆ ಅದಿತ್ತು. ತೊಂದರೆ ಮಾಡಿದ್ದು ಹಿಂದೆ ಬಿದ್ದ ಜನ. ಕೊನೆಗೆ ಸೇಂಟ್ ಲೂಯಿಸ್ ಹತ್ತಿರ ದೊಡ್ಡ ಹೆದ್ದಾರಿಗಳ ನಡುವೆ ಸಿಕ್ಕಿಕೊಂಡಿತು. ಸುತ್ತ ನೂರಾರು ಜನ ಸೇರಿದ್ದರು. ಜುಲೈ 5ರಂದು ಅರಿವಳಿಕೆ ಕೊಟ್ಟು ಅದನ್ನು ಕಾಡಿಗೆ ಸಾಗಿಸಬೇಕಾಯಿತು. ಕರಡಿ ಬಂದಿದೆ ಅಂತ ಕೇಳಿದ ಕೂಡಲೇ ಕಾರು ಹತ್ತಿ ನೋಡಲು ಹೊರಡುವವರಿಗೆ ನಾನು ಇದನ್ನೇ ಹೇಳುತ್ತೇನೆ. ದಯವಿಟ್ಟು ಹೋಗಬೇಡಿ.

ಆಮೇಲೆ, ತಿನ್ನುವುದನ್ನೆಲ್ಲ ಒಳಗೆ ತನ್ನಿ

ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇದೇ. ಏನೂ ಸಿಗದ ಕರಡಿ ಮುಂದೆ ಹೋಗುತ್ತದೆ. ಒಂದು ಸಲ ರುಚಿ ಹತ್ತಿದರೆ ಮತ್ತೆ ಬರುತ್ತದೆ, ಹಗಲಲ್ಲೂ ಬರುತ್ತದೆ, ಬಾಗಿಲವರೆಗೂ ಬರುತ್ತದೆ. ಆಮೇಲೆ ಅದನ್ನು ಕೊಲ್ಲುವ ಪರಿಸ್ಥಿತಿ ಬರುತ್ತದೆ. ನಮ್ಮ ಒಂದು ಹಿಡಿ ಅಜಾಗ್ರತೆಗೆ ಪ್ರಾಣ ಕೊಡುವುದು ಅದು.

ಬರ್ಡ್ ಫೀಡರ್ ಮೊದಲು ಇಳಿಸಿ. ಸೂರ್ಯಕಾಂತಿ ಬೀಜದಲ್ಲಿ ಎಣ್ಣೆ ಜಾಸ್ತಿ. ಕರಡಿಗೆ ಅದು ಕೂತಲ್ಲೇ ಸಿಗುವ ಹಬ್ಬದೂಟ. ನ್ಯೂಜೆರ್ಸಿಯ ವನ್ಯಜೀವಿ ಇಲಾಖೆ ಹೇಳುವಂತೆ ಫೀಡರ್ ತೂಗುಹಾಕುವುದಿದ್ದರೆ ಡಿಸೆಂಬರ್‌ನಿಂದ ಮಾರ್ಚ್ ಕೊನೆವರೆಗೆ ಮಾತ್ರ. ಕಸದ ಡಬ್ಬಿಯನ್ನು ಗ್ಯಾರೇಜಿನಲ್ಲಿಡಿ, ಲಾರಿ ಬರುವ ದಿನ ಬೆಳಿಗ್ಗೆ ಹೊರಗಿಡಿ. ಹಿಂದಿನ ರಾತ್ರಿ ಬೇಡ. ಗ್ರಿಲ್ ಬಳಸಿದ ದಿನವೇ ಉಜ್ಜಿ ತೊಳೆದು, ಎಣ್ಣೆ ತೊಟ್ಟಿಕ್ಕುವ ತಟ್ಟೆಯನ್ನೂ ಖಾಲಿ ಮಾಡಿ.

ಇನ್ನು ನಮ್ಮ ಮನೆಗಳದ್ದೇ ಕೆಲವು ವಿಷಯ. ಬೇಸಿಗೆಗೆ ಅಪ್ಪ ಅಮ್ಮ ಬಂದಿರುತ್ತಾರೆ. ಡೆಕ್ ಮೇಲೆ ಸಂಡಿಗೆ ಒಣಗುತ್ತಿರುತ್ತದೆ. ಕಾಗೆಗೆ ಅಂತ ಕಟ್ಟೆ ಮೇಲೆ ಒಂದು ತುತ್ತು ಅನ್ನ ಇಟ್ಟಿರುತ್ತಾರೆ. ಮಾವಿನಹಣ್ಣಿನ ಸಿಪ್ಪೆ, ಓಟೆ ಗಿಡದ ಬುಡಕ್ಕೆ ಹೋಗಿರುತ್ತದೆ. ಕರಿದ ಎಣ್ಣೆಯ ಡಬ್ಬಿ ಹಿಂಬಾಗಿಲ ಪಕ್ಕ. ದೇವಸ್ಥಾನದಿಂದ ತಂದ ಬಾಳೆಹಣ್ಣು ಕಾರಿನಲ್ಲೇ ಮರೆತಿರುತ್ತದೆ. ಕರಡಿಯ ಮೂಗು ನಾಯಿಯದಕ್ಕಿಂತ ಚುರುಕು. ಕಾರಿನ ಬಾಗಿಲ ಹಿಡಿ ಎಳೆದು ತೆಗೆಯುವುದೂ ಅದಕ್ಕೆ ಬರುತ್ತದೆ. ಹಿರಿಯರಿಗೆ ಇದನ್ನು ಕೂರಿಸಿಕೊಂಡು ವಿವರಿಸಿ. ಸುಮ್ನೆ "ಬೇಡ" ಅಂದರೆ ಬೇಜಾರಾಗುತ್ತದೆ, ಅಲ್ವಾ? ಬೇಕಂತಲೇ ಕರಡಿಗೆ ತಿನ್ನಿಸುವುದಂತೂ ಇಲ್ಲಿ ಅಪರಾಧ, 1,000 ಡಾಲರ್‌ವರೆಗೆ ದಂಡವಿದೆ.

ಎದುರಿಗೇ ಬಂದರೆ

ಓಡಬೇಡಿ. ಅದು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ಮರ ಹತ್ತುವುದೂ ಬೇಡ, ಅದು ನಮಗಿಂತ ಚೆನ್ನಾಗಿ ಹತ್ತುತ್ತದೆ. 2014ರಲ್ಲಿ ಉತ್ತರ ನ್ಯೂಜೆರ್ಸಿಯ ಕಾಡಿನಲ್ಲಿ ಐವರು ಗೆಳೆಯರು ಕರಡಿ ಕಂಡು ದಿಕ್ಕಿಗೊಬ್ಬರಂತೆ ಓಡಿದರು. ಒಬ್ಬ ಯುವಕ ಮರಳಲಿಲ್ಲ. ಇಂಥ ಸಾವು ತೀರ ಅಪರೂಪ. ಆದರೂ ಅದನ್ನು ನೆನೆದಾಗಲೆಲ್ಲ ನಾನು ಮಕ್ಕಳಿಗೆ ಮತ್ತೆ ಹೇಳುತ್ತೇನೆ: ಎಲ್ಲರೂ ಒಟ್ಟಿಗೇ ನಿಲ್ಲಿ.

ನಿಂತಲ್ಲೇ ನಿಂತು ಗಟ್ಟಿಯಾಗಿ, ಆದರೆ ಶಾಂತವಾಗಿ ಮಾತಾಡಿ. ಕನ್ನಡದಲ್ಲೇ ಮಾತಾಡಿ, ಪರವಾಗಿಲ್ಲ. ಇಲ್ಲಿ ಮನುಷ್ಯರಿದ್ದಾರೆ ಅಂತ ಅದಕ್ಕೆ ತಿಳಿದರೆ ಸಾಕು. ಕಣ್ಣಲ್ಲಿ ಕಣ್ಣಿಟ್ಟು ನೋಡದೆ, ಬೆನ್ನು ತಿರುಗಿಸದೆ, ನಿಧಾನಕ್ಕೆ ಹಿಂದೆ ಸರಿಯಿರಿ. ಅದು ಓಡಿಹೋಗಲು ದಾರಿ ಇರಲಿ. ಹಿಂಗಾಲ ಮೇಲೆ ಎದ್ದು ನಿಂತರೆ ಹೆದರಬೇಡಿ, ವಾಸನೆ ಹಿಡಿದು ನೋಡುತ್ತಿದೆ ಅಷ್ಟೇ. ಬುಸುಗುಟ್ಟಿ ಹಲ್ಲು ಕಟಕಟಿಸಿದರೆ ಅದಕ್ಕೇ ಭಯವಾಗಿದೆ ಅಂತ, ನೀವು ತೀರ ಹತ್ತಿರ ಇದ್ದೀರಿ ಅಂತ. ಆಗಲೂ ಹೋಗದಿದ್ದರೆ ಕೈ ಮೇಲೆತ್ತಿ, ಪಾತ್ರೆ ಬಡಿದು, ಕೂಗಿ. ಕೆಲವೊಮ್ಮೆ ನುಗ್ಗಿ ಬಂದಂತೆ ಮಾಡಿ ನಡುವೆಯೇ ನಿಲ್ಲುತ್ತದೆ. ಜಾಗ ಬಿಟ್ಟು ಕದಲಬೇಡಿ. ನಿಜವಾಗಿ ಮೈಮೇಲೆ ಬಿದ್ದರೆ ಸತ್ತಂತೆ ಮಲಗಬಾರದು. ಕೈಗೆ ಸಿಕ್ಕಿದ್ದರಿಂದ ಮೂತಿಗೆ ಹೊಡೆಯಿರಿ.

ಅಮ್ಮನ ತವರು ತುಮಕೂರು ಕಡೆ. ಕರಡಿ ಅಂದರೆ ಅವರ ಕಣ್ಣಮುಂದೆ ಬರುವುದು ಅಲ್ಲಿನ ಕುರುಚಲು ಕಾಡಿನ, ಗೆದ್ದಲು ತಿನ್ನುವ ಕರಡಿ. ಅದರ ಸ್ವಭಾವವೇ ಬೇರೆ. ಹತ್ತಿರದಲ್ಲಿ ತಟ್ಟನೆ ಎದುರಾದರೆ ಮೇಲೆ ಬೀಳುವುದೇ ಜಾಸ್ತಿ. ಅಮೆರಿಕದ ಕಪ್ಪು ಕರಡಿ ಹೆದರಿದರೆ ಮೊದಲು ನೋಡುವುದು ಹತ್ತಿರದ ಮರವನ್ನು. ಹೀಗೆ ಮರ ಹತ್ತಿ ಕೂತಿದ್ದರೆ ಜನರನ್ನು, ನಾಯಿಗಳನ್ನು ದೂರ ಕರೆದುಕೊಂಡು ಹೋಗಿ. ಕತ್ತಲಾದ ಮೇಲೆ ತಾನೇ ಇಳಿದು ಹೋಗುತ್ತದೆ. ನಾಯಿಯನ್ನು ಮಾತ್ರ ಬೆಲ್ಟ್ ಇಲ್ಲದೆ ಬಿಡಬೇಡಿ.

ಯಾರಿಗೆ ಹೇಳುವುದು?

ಸುಮ್ಮನೆ ನಡೆದು ಹೋಗುತ್ತಿದ್ದರೆ ಪಕ್ಕದ ಮನೆಗಳಿಗೆ ತಿಳಿಸಿದರೆ ಸಾಕು. ಕಸ ಕೆದಕುತ್ತಿದ್ದರೆ, ಹೋಗದೆ ಅಲ್ಲೇ ಸುಳಿದಾಡುತ್ತಿದ್ದರೆ ಊರಿನ ಪೊಲೀಸರಿಗೆ ಅಥವಾ ನ್ಯೂಜೆರ್ಸಿಯ ಪರಿಸರ ಇಲಾಖೆಯ 877-927-6337ಕ್ಕೆ ಕರೆ ಮಾಡಿ. ಮನೆಯೊಳಗೆ ನುಗ್ಗಿದರೆ, ಜನರ ಮೇಲೆ ಬಂದರೆ ತುರ್ತು ಸಂಖ್ಯೆ 911. ಒಳಗೆ ನುಗ್ಗಿದ ಕರಡಿಯನ್ನು ಕೂಡಿಹಾಕಬೇಡಿ, ಬಾಗಿಲು ತೆರೆದಿಟ್ಟು ನೀವು ದೂರ ಹೋಗಿ.

ನಮ್ಮ ಹಿತ್ತಲಿಗೆ ಅದು ಮರುದಿನ ರಾತ್ರಿಯೂ ಬಂತು. ಕಂಬದ ಸುತ್ತ ಮೂಸಿ, ಡಬ್ಬಿ ಇದ್ದ ಜಾಗದಲ್ಲಿ ಒಂದು ನಿಮಿಷ ನಿಂತು, ಬೇಲಿ ಹಾರಿ ಹೋಯಿತು. ಆಮೇಲೆ ಕಾಣಲಿಲ್ಲ. ಅಮ್ಮನ ಸಂಡಿಗೆ ಮೇಲಿನ ಕೋಣೆಯ ಕಿಟಕಿ ಪಕ್ಕ ಒಣಗಿತು. ಎರಡು ದಿನ ಜಾಸ್ತಿ ಹಿಡಿಯಿತು.