ದುಬಾರಿ ಮ್ಯೂಸಿಕ್ ಪ್ಲೇಯರನ್ನು ಬೇರೆ ಬೇರೆ ಹೆಡ್‌ಫೋನ್‌ಗಳಲ್ಲಿ ಕೇಳಿ ಪರೀಕ್ಷಿಸುವ ಕ್ರಮ

ದುಬಾರಿ ಪ್ಲೇಯರನ್ನು ಅಂಗಡಿಯಲ್ಲಿ ಕೈಗೆತ್ತಿಕೊಂಡಾಗ ಮೊದಲು ಮಾತನಾಡುವುದು ಅದರ ತೂಕ. ಸೋನಿ ಕಂಪನಿಯು 2016ರಲ್ಲಿ ಹೊರತಂದ ಎನ್‌ಡಬ್ಲ್ಯು-ಡಬ್ಲ್ಯುಎಂ1ಝಡ್, ಚಿನ್ನದ ಲೇಪನವಿರುವ ತಾಮ್ರದ ಚೌಕಟ್ಟಿನಿಂದಾಗಿ 455 ಗ್ರಾಂ ತೂಗುತ್ತದೆ. ಅಂಥದ್ದನ್ನು ಅಂಗೈಯಲ್ಲಿ ಹಿಡಿದವರು ಹಾಡು ಶುರುವಾಗುವ ಮೊದಲೇ ಅರ್ಧ ಒಪ್ಪಿಬಿಟ್ಟಿರುತ್ತಾರೆ. ಆದ್ದರಿಂದ ಹೇಗೆ ಕೇಳಬೇಕೆಂಬುದನ್ನು ಮನೆಯಲ್ಲೇ ನಿಶ್ಚಯಿಸಿಕೊಂಡು ಹೋಗುವುದು ಲೇಸು.

ನಿಮ್ಮ ಹೆಡ್‌ಫೋನನ್ನು ನೀವೇ ಒಯ್ಯಿರಿ. ಪ್ಲೇಯರಿನ ಧ್ವನಿಯೆಂದು ನಾವು ಕರೆಯುವುದು ವಾಸ್ತವವಾಗಿ ಪ್ಲೇಯರ್ ಮತ್ತು ಹೆಡ್‌ಫೋನ್ ಎರಡೂ ಸೇರಿದ ಧ್ವನಿಯಾದ್ದರಿಂದ, ಪರಿಚಯವಿಲ್ಲದ ಹೆಡ್‌ಫೋನಿನಲ್ಲಿ ಕೇಳಿದರೆ ಯಾವ ಗುಣ ಯಾವುದರದೆಂದು ಬೇರ್ಪಡಿಸಲು ದಾರಿಯಿರುವುದಿಲ್ಲ. ಸಾಧ್ಯವಾದರೆ ಮೂರು ಬಗೆಯವು ಜೊತೆಗಿರಲಿ: ಹೆಚ್ಚು ಇಂಪಿಡೆನ್ಸ್‌ನ (ವಿದ್ಯುತ್ ಹರಿವಿಗೆ ಒಡ್ಡುವ ತಡೆ, ಅಳತೆ ಓಮ್‌ನಲ್ಲಿ) ದೊಡ್ಡ ಹೆಡ್‌ಫೋನ್ ಒಂದು, ಪ್ಲೇನಾರ್ ಮ್ಯಾಗ್ನೆಟಿಕ್ (ಅಯಸ್ಕಾಂತದ ಬಲದಿಂದ ಚಪ್ಪಟೆ ಪೊರೆ ಕಂಪಿಸುವ ಬಗೆ) ಒಂದು, ಕಿವಿಯೊಳಗೆ ಕೂರುವ ಸೂಕ್ಷ್ಮವಾದ ಇಯರ್‌ಫೋನ್ ಒಂದು.

ಈ ಮೂರೂ ಪ್ಲೇಯರಿನಿಂದ ಬೇಡುವುದು ಬೇರೆ ಬೇರೆ. ಸೆನ್‌ಹೈಸರ್ ಎಚ್‌ಡಿ 650ರ ಇಂಪಿಡೆನ್ಸ್ 300 ಓಮ್. ಒಂದು ವೋಲ್ಟ್ ಕೊಟ್ಟರೆ ಅದು 103 ಡೆಸಿಬೆಲ್ ಸದ್ದು ಕೊಡುತ್ತದೆ. ಸಂಗೀತದ ಏರುಗಳಿಗೆ 110 ಡೆಸಿಬೆಲ್ ಬೇಕೆಂದಿಟ್ಟುಕೊಂಡರೆ ಸುಮಾರು 2.2 ವೋಲ್ಟ್ ಬೇಕಾಗುತ್ತದೆ. ಮೇಲೆ ಹೇಳಿದ ಸೋನಿ ಪ್ಲೇಯರಿನ 4.4 ಮಿ.ಮೀ. ಬ್ಯಾಲೆನ್ಸ್ಡ್ ಜಾಕ್ (ಎಡಬಲ ಕಿವಿಗಳಿಗೆ ಪ್ರತ್ಯೇಕ ಜೋಡಿ ತಂತಿಗಳಿರುವಂಥದು) 16 ಓಮ್‌ಗೆ 250 ಮಿಲಿವ್ಯಾಟ್ ಕೊಡುತ್ತದೆ, ಅಂದರೆ 2 ವೋಲ್ಟ್, 3.5 ಮಿ.ಮೀ. ಜಾಕ್ ಕೊಡುವುದು 60 ಮಿಲಿವ್ಯಾಟ್, ಅಂದರೆ ಒಂದು ವೋಲ್ಟಿನಷ್ಟು. ಹೀಗಾಗಿ ಒಂದೇ ಹೆಡ್‌ಫೋನ್ ಒಂದು ಜಾಕಿನಲ್ಲಿ ನಿರಾಳವಾಗಿಯೂ ಇನ್ನೊಂದರಲ್ಲಿ ಸೊರಗಿದಂತೆಯೂ ಕೇಳಿಸಿದರೆ ಅದರಲ್ಲಿ ಮಾಯೆಯೇನೂ ಇಲ್ಲ. ಇಂಪಿಡೆನ್ಸ್ ಕಡಿಮೆಯಿದ್ದರೆ ಸುಲಭ ಎಂಬ ನಂಬಿಕೆಯೂ ತಪ್ಪು. ಪ್ಲೇನಾರ್ ಬಗೆಯ ಹೈಫೈಮ್ಯಾನ್ ಎಚ್‌ಇ-6 ಬರೀ 50 ಓಮ್‌ನದು, ಆದರೆ ಒಂದು ಮಿಲಿವ್ಯಾಟ್‌ಗೆ ಅದು ಕೊಡುವುದು 83.5 ಡೆಸಿಬೆಲ್ ಮಾತ್ರ. ಅದೇ 110 ಡೆಸಿಬೆಲ್‌ಗೆ ಅದಕ್ಕೆ ಸುಮಾರು 450 ಮಿಲಿವ್ಯಾಟ್ ಬೇಕು. ಇದಕ್ಕೆ ತದ್ವಿರುದ್ಧವಾಗಿ ಕ್ಯಾಂಪ್‌ಫೈರ್ ಆಂಡ್ರೊಮಿಡಾದಂಥ ಇಯರ್‌ಫೋನ್‌ಗೆ ಒಂದು ವೋಲ್ಟಿನ ಹತ್ತನೇ ಒಂದು ಭಾಗವೂ ಬೇಡ.

ಇಂಥ ಇಯರ್‌ಫೋನ್‌ಗಳಲ್ಲಿ ಶಕ್ತಿಗಿಂತ ಪ್ಲೇಯರಿನ ಔಟ್‌ಪುಟ್ ಇಂಪಿಡೆನ್ಸ್, ಅಂದರೆ ಅದರ ಜಾಕಿನದೇ ಒಳತಡೆ, ಮುಖ್ಯವಾಗುತ್ತದೆ. ಹಲವು ಆರ್ಮೇಚರ್‌ಗಳಿರುವ, ಅಂದರೆ ಸದ್ದು ಹೊರಡಿಸುವ ಪುಟ್ಟ ಘಟಕಗಳು ಹಲವಿರುವ, ಇಯರ್‌ಫೋನಿನ ಇಂಪಿಡೆನ್ಸ್ ಸ್ವರದಿಂದ ಸ್ವರಕ್ಕೆ ಏರಿಳಿಯುತ್ತದೆ. ಒಂದೆಡೆ 8 ಓಮ್, ಇನ್ನೊಂದೆಡೆ 40 ಓಮ್ ಇದೆಯೆಂದುಕೊಳ್ಳಿ. ಪ್ಲೇಯರಿನ ಔಟ್‌ಪುಟ್ 1 ಓಮ್ ಆಗಿದ್ದರೆ ಆ ಎರಡು ಸ್ವರಗಳ ನಡುವೆ ಉಂಟಾಗುವ ವ್ಯತ್ಯಾಸ 0.8 ಡೆಸಿಬೆಲ್, 22 ಓಮ್ ಆಗಿದ್ದರೆ ಅದು 7.7 ಡೆಸಿಬೆಲ್‌ಗೆ ಏರುತ್ತದೆ, ಇಯರ್‌ಫೋನಿನ ಸ್ವಭಾವವೇ ಬದಲಾಗುತ್ತದೆ. 22 ಓಮ್ ಎಂಬುದು ಊಹೆಯ ಅಂಕಿಯಲ್ಲ, 2012ರ ಆಸ್ಟೆಲ್ ಆ್ಯಂಡ್ ಕರ್ನ್ ಎಕೆ100 ಪ್ಲೇಯರಿನಲ್ಲಿ ಇದ್ದದ್ದು ಅಷ್ಟೇ. ಔಟ್‌ಪುಟ್ ಇಂಪಿಡೆನ್ಸ್ ಹೆಡ್‌ಫೋನಿನದರ ಎಂಟನೇ ಒಂದು ಭಾಗವನ್ನು ಮೀರಬಾರದೆಂಬ ರೂಢಿಯ ಲೆಕ್ಕವನ್ನು ಅಂಗಡಿಗೆ ಹೋಗುವ ಮುನ್ನವೇ ಹಾಕಿ ನೋಡಬಹುದು.

ಇನ್ನು ಎಲ್ಲರೂ ಕಡೆಗಣಿಸುವ, ನನ್ನ ಮಟ್ಟಿಗೆ ಉಳಿದೆಲ್ಲಕ್ಕಿಂತ ದೊಡ್ಡದಾದ ವಿಷಯ: ಸದ್ದಿನ ಸಮತೆ. ಹೋಲಿಸುತ್ತಿರುವ ಎರಡು ಪ್ಲೇಯರ್‌ಗಳಲ್ಲಿ ಒಂದರ ಸದ್ದು ಇನ್ನೊಂದಕ್ಕಿಂತ ಒಂದು ಡೆಸಿಬೆಲ್‌ನಷ್ಟು ಜೋರಾಗಿರುವುದನ್ನು ನಮ್ಮ ಕಿವಿ ‘ಜೋರು’ ಎಂದು ಗುರುತಿಸುವುದಿಲ್ಲ, ‘ಸ್ಪಷ್ಟ’ ಎಂದು ಮೆಚ್ಚುತ್ತದೆ. ಬ್ಯಾಲೆನ್ಸ್ಡ್ ಜಾಕಿಗೆ ಬದಲಾಯಿಸಿದೊಡನೆ ಎಲ್ಲವೂ ಅರಳಿತು ಎನ್ನುವವರಲ್ಲಿ ಎಷ್ಟೋ ಜನ ಕೇಳಿಸಿಕೊಂಡದ್ದು, ಅದೇ ವಾಲ್ಯೂಮಿನಲ್ಲಿ 6 ಡೆಸಿಬೆಲ್‌ವರೆಗೆ ಏರಿದ ಸದ್ದನ್ನು. ಇದನ್ನು ತಪ್ಪಿಸಲು 100 ಹರ್ಟ್ಸ್‌ನ ಏಕಸ್ವರದ ಫೈಲೊಂದನ್ನು ಎರಡರಲ್ಲೂ ಹಾಕಿ, ಜಾಕಿಗೆ ಎರಡಾಗಿ ಕವಲೊಡೆಯುವ ವೈ-ಕೇಬಲ್ ಜೋಡಿಸಿ, ಹೆಡ್‌ಫೋನ್ ಸಿಕ್ಕಿಸಿರುವಾಗಲೇ ಮಲ್ಟಿಮೀಟರಿನಲ್ಲಿ ಎಸಿ ವೋಲ್ಟ್ ಅಳೆದು, ಎರಡೂ ಸಮವಾಗುವ ವಾಲ್ಯೂಮ್ ಅಂಕಿಗಳನ್ನು ಬರೆದಿಟ್ಟುಕೊಳ್ಳಬೇಕು. ಎಸಿ ಅಳತೆ 200 ವೋಲ್ಟಿನಿಂದಲೇ ಶುರುವಾಗುವ ಅಗ್ಗದ ಮೀಟರ್ ಇದಕ್ಕೆ ಆಗದು, ಮಿಲಿವೋಲ್ಟ್ ತೋರಿಸುವಂಥದು ಬೇಕು. ಹೆಡ್‌ಫೋನ್ ಬದಲಿಸಿದಾಗ ಮತ್ತೆ ಅಳೆಯಿರಿ. ಅಂಗಡಿಯವರು ವಿಚಿತ್ರವಾಗಿ ನೋಡಬಹುದು, ನೋಡಲಿ.

ಅಳೆಯುವ ಮೊದಲೇ ಈಕ್ವಲೈಸರ್ ಮತ್ತು ಧ್ವನಿ ಸುಧಾರಣೆಯ ಹೆಸರಿನ ಸೆಟ್ಟಿಂಗ್‌ಗಳನ್ನೆಲ್ಲ ಆಫ್ ಮಾಡಿ. ಫೈಲುಗಳೂ ಎರಡರಲ್ಲೂ ಒಂದೇ ಇರಲಿ. ಹಾಡುಗಳು ವರ್ಷಗಟ್ಟಲೆ ಕೇಳಿ ಬಾಯಿಪಾಠವಾದಂಥವಾಗಿರಬೇಕು. ನಾನು ನೆಚ್ಚುವುದು ಹಳೆಯ ಕಛೇರಿಯ ಧ್ವನಿಮುದ್ರಣವೊಂದನ್ನು: ತಂಬೂರಿಯ ಝೇಂಕಾರ ಗಾಯಕರ ದನಿಯ ಹಿಂದೆ ಕಡಿಯದೆ ನಿಂತಿದೆಯೇ, ಮೃದಂಗದ ಎಡಗೈ ಪೆಟ್ಟು ನಾದವಾಗಿ ನಿಲ್ಲುತ್ತದೆಯೇ ಅಥವಾ ಬರೀ ಗುಮ್ಮೆನ್ನುತ್ತದೆಯೇ, ಪಿಟೀಲಿನ ಮೇಲಿನ ಸ್ಥಾಯಿ ಕಿವಿಗೆ ಚುಚ್ಚುತ್ತದೆಯೇ ಎಂಬುದು ಎರಡು ನಿಮಿಷಗಳಲ್ಲಿ ತಿಳಿಯುತ್ತದೆ. ಅಂಗಡಿಯವರ ಡೆಮೊ ಹಾಡುಗಳು ಯಾವುದರಲ್ಲಿಯೂ ಚೆನ್ನಾಗಿಯೇ ಕೇಳಿಸುತ್ತವೆ.

ಸೂಕ್ಷ್ಮ ಇಯರ್‌ಫೋನಿನಲ್ಲಿ ಹಿನ್ನೆಲೆಯ ಸುಯ್ ಎಂಬ ಸದ್ದನ್ನೂ ಪರೀಕ್ಷಿಸಬೇಕು. ಹಾಡನ್ನು ನಿಲ್ಲಿಸಿ ಕೇಳಿದರೆ ಪ್ರಯೋಜನವಿಲ್ಲ, ಏಕೆಂದರೆ ಹಲವು ಪ್ಲೇಯರ್‌ಗಳು ಆಗ ಔಟ್‌ಪುಟ್ಟನ್ನೇ ಮುಚ್ಚಿಬಿಡುತ್ತವೆ; ಒಂದು ನಿಮಿಷದ ಖಾಲಿ ಫೈಲನ್ನು ನುಡಿಸಿ, ಕಡಿಮೆ ಗೇನ್‌ನಲ್ಲಿ (ಪ್ಲೇಯರ್ ಸದ್ದನ್ನು ವರ್ಧಿಸುವ ಮಟ್ಟ) ಒಮ್ಮೆ, ಹೆಚ್ಚಿನದರಲ್ಲಿ ಒಮ್ಮೆ, ಸದ್ದಿಲ್ಲದ ಕೋಣೆಯಲ್ಲಿ ಆಲಿಸಿ.

ಕೊನೆಗೆ, ಜೊತೆಗೆ ಬಂದ ಗೆಳೆಯನಿಂದ ನಾಣ್ಯ ಚಿಮ್ಮಿಸಿ, ನಿಮಗೆ ಕಾಣದಂತೆ ಪ್ಲೇಯರ್ ಆಯ್ದು ನುಡಿಸಲು ಹೇಳಿ, ಯಾವುದೆಂದು ಹತ್ತು ಬಾರಿ ಗುರುತಿಸಿ. ಬರೀ ಊಹೆಯಿಂದ ಒಂಬತ್ತು ಅಥವಾ ಹತ್ತೂ ಸರಿಯಾಗುವ ಸಾಧ್ಯತೆ ನೂರಕ್ಕೆ ಒಂದರಷ್ಟು. ಐದೋ ಆರೋ ಸರಿಯಾದರೆ ಆ ಹೆಡ್‌ಫೋನಿನ ಮಟ್ಟಿಗೆ ಎರಡನ್ನೂ ನೀವು ಬೇರ್ಪಡಿಸಿದಂತಾಗಲಿಲ್ಲ. ಮೂರೂ ಹೆಡ್‌ಫೋನ್‌ಗಳಲ್ಲಿ ಹಾಗೆಯೇ ಆದರೆ ಬ್ಯಾಟರಿಯ ಬಾಳಿಕೆ, ಗುಂಡಿಗಳ ಹಿಡಿತ, ರಿಪೇರಿಯ ಅನುಕೂಲ ನೋಡಿ ಆರಿಸಿ; ಆ 455 ಗ್ರಾಂ ಅಂಗಿಯ ಜೇಬನ್ನು ಎಷ್ಟು ಜಗ್ಗುತ್ತದೆಂಬುದನ್ನೂ ನಾಲ್ಕು ಹೆಜ್ಜೆ ನಡೆದು ನೋಡಿ.